ನೀರಿಗೆ ಮುಂಚೆ ಗಂಟೆ

ನನಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದಿದವರು ನನ್ನನ್ನು ಏನೋ ದೊಡ್ಡ ಕರುಣೆಯ ಹೆಂಗಸು ಎಂದುಕೊಂಡುಬಿಟ್ಟಾರು. ನಾನು ಕಡೂರಿನ ಹಗ್ಗದ ಪಂಚಾಕ್ಷರಪ್ಪನವರ ಹೆಂಡತಿ ತೀರ್ಥಮ್ಮ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ನಮ್ಮದು ಸಂತೆ ವ್ಯಾಪಾರ. ಹಗ್ಗ, ಕಣ್ಣಿ, ಮೂಗುದಾರ, ಎತ್ತಿನ ಕೊರಳಿಗೆ ಕಟ್ಟುವ ಗಂಟೆ, ಗೆಜ್ಜೆ. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಎಂದು ವಾರದಲ್ಲಿ ನಾಲ್ಕು ದಿನ ಸಂತೆ ಲಾರಿಯಲ್ಲಿ ಮೂಟೆಗಳ ನಡುವೆ ಕೂತು ಹೋಗುವುದು, ನೆಲದ ಮೇಲೆ ಸರಕು ಹರಡುವುದು, ಸಂಜೆ ಉಳಿದದ್ದನ್ನು ಕಟ್ಟಿಕೊಂಡು ಬರುವುದು. ನಮಗೆ ಮಕ್ಕಳಿರಲಿಲ್ಲ. ಹಗ್ಗದ ಸಿಂಬೆಗಳನ್ನೇ ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಗಿತ್ತು.

ಎಪ್ಪತ್ತಮೂರನೆಯ ಇಸವಿಯಲ್ಲಿ ಒಂದು ದಿನ ನಮ್ಮನೆಯವರು ಬೀರೂರು ಜಂಕ್ಷನ್ನಿಗೆ ಗೂಡ್ಸಿನಲ್ಲಿ ಬಂದ ನಾರಿನ ಹಗ್ಗ ಬಿಡಿಸಿಕೊಳ್ಳಲು ಹೋದವರು, ಹಗ್ಗದ ಜೊತೆ ಒಂದು ನಾಯಿಯನ್ನೂ ತಂದರು. ಕಂದು ಬಣ್ಣದ್ದು. ಪಕ್ಕೆಲುಬು ಎಣಿಸಬಹುದಾಗಿತ್ತು. ಬಾಲ ಎಂಬುದು ಇದೆಯೋ ಇಲ್ಲವೋ ಗೊತ್ತಾಗದಷ್ಟು ಹೊಟ್ಟೆಯ ಕೆಳಗೆ ಸೇರಿಕೊಂಡಿತ್ತು.

"ಇದೇನ್ರೀ ಇದು?" ಎಂದೆ.

"ನಾಯಿ ಕಣೇ."

"ಕಣ್ಣು ಕಾಣ್ತದೆ ನಂಗೆ. ಇಲ್ಲಿಗ್ಯಾಕೆ ಬಂತು?"

"ಅದು ಬರ್ಲಿಲ್ಲ. ನಾನೇ ಎತ್ಕೊಂಡ್ಬಂದೆ. ಇಂಜಿನ್ನು ಕೂಗಿದ್ಕೆ ಹೆದ್ರಿ ನನ್ನ ಪಂಚೆ ಒಳಗೇ ನುಗ್ಗಿಬಿಡ್ತು."

ಅಂಥ ಹೆದರುಪುಕ್ಕಲನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ತಟ್ಟೆ ಬಿದ್ದರೆ ನಿಂತಲ್ಲೇ ಉಚ್ಚೆ. ಹೊಸಬರು ಬಾಗಿಲಿಗೆ ಬಂದರೆ ಒಲೆಯ ಹಿಂದೆ. ಪುಕ್ಲ ಎಂದು ನಾನೇ ಹೆಸರಿಟ್ಟೆ, ಹಂಗಿಸುವುದಕ್ಕೆ. ನಮ್ಮನೆಯವರು ಅದನ್ನೇ ಮುದ್ದಿನ ಹೆಸರು ಮಾಡಿಕೊಂಡುಬಿಟ್ಟರು.

ಮನೆಯಲ್ಲಿ ಹೇಗೋ ಹೊಂದಿಕೊಂಡಿತು. ತೊಂದರೆಯಾದದ್ದು ಸಂತೆಗೆ ಹೋಗುವಾಗ. ಬಿಟ್ಟುಹೋದರೆ ಇಡೀ ದಿನ ಊಳಿಡುತ್ತಿತ್ತು. ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಕರೆದುಕೊಂಡು ಹೋದರೆ ಅಲ್ಲಿ ಬೇರೆ ಕಥೆ. ಮೊದಲ ಸಲ ಅಜ್ಜಂಪುರದ ಸಂತೆಯಲ್ಲಿ ಅದು ಲಾರಿಯ ಚಕ್ರದ ಸಂದಿಯಲ್ಲಿ ಕೂತು ಸಂಜೆಯವರೆಗೂ ನಡುಗಿತು. ಅನ್ನ ಬೇಡ, ರೊಟ್ಟಿ ಬೇಡ. ಬಿಸಿಲಿಗೆ ನಾಲಗೆ ಗೇಣುದ್ದ ಜೋತುಬಿದ್ದಿದ್ದರೂ ಮುಂದೆ ಇಟ್ಟ ನೀರನ್ನು ಮೂಸಲಿಲ್ಲ. ಕಡೂರಿಗೆ ವಾಪಸಾಗಿ ನಮ್ಮ ಹಿತ್ತಲಿಗೆ ಕಾಲಿಟ್ಟ ಕೂಡಲೇ ಅರ್ಧ ಬಕೀಟು ನೀರು ಕುಡಿಯಿತು. ಮೂರು ವಾರ ಇದೇ ಆಯಿತು. ಬೀರೂರಿನಲ್ಲೇ ಬಿಟ್ಟುಬನ್ನಿ ಎಂದು ನಾನು ಕೂಗಾಡಿದೆ.

ನಮ್ಮನೆಯವರು ಬೆದರುವ ಹೋರಿಗಳಿಗೆ ಮೂಗುದಾರ ಹಾಕುವುದರಲ್ಲಿ ಸುತ್ತಮುತ್ತ ಹೆಸರಾದವರು. ಗದರುವುದಿಲ್ಲ, ಹೊಡೆಯುವುದಿಲ್ಲ. ಅವತ್ತು ನನ್ನ ಕೂಗಾಟವೆಲ್ಲ ಮುಗಿದ ಮೇಲೆ ನಿಧಾನವಾಗಿ ಹೇಳಿದರು.

"ಹೆದರಿರೋ ಜೀವಕ್ಕೆ ಹೆದರ್ಬೇಡ ಅಂದ್ರೆ ಏನ್ ಬಂತು ಕಣೇ? ಮುಂದೆ ಏನಾಗ್ತದೆ ಅನ್ನೋದು ಅದಕ್ಕೆ ಗೊತ್ತಾಗ್ಬೇಕು. ಅಷ್ಟು ಗೊತ್ತಾದ್ರೆ ಅದೇ ಸುಧಾರಿಸ್ಕೊಳ್ತದೆ."

ಮಾರನೆಯ ದಿನದಿಂದ ನಮ್ಮ ಜಗಲಿಯ ಮೇಲೆ ಶುರುವಾಯಿತು. ಮೊದಲು ಹರಿದ ಗೋಣಿಯ ಒಂದು ತುಂಡನ್ನು ಹಾಸುವುದು. ಆಮೇಲೆ ಒಂದು ಗಂಟೆಯನ್ನು ಎರಡು ಸಲ ಬಡಿಯುವುದು. ಅದು ಅವರ ಅಪ್ಪನ ಕಾಲದ ಎತ್ತಿನ ಗಂಟೆ, ಒಳ್ಳೆಯ ಕಂಚು, ಮಾರುವುದಕ್ಕೆ ಇಟ್ಟದ್ದಲ್ಲ. ಆಮೇಲೆ ಚೊಂಬಿನಿಂದ ತಾವು ಒಂದು ಗುಟುಕು ನೀರು ಕುಡಿಯುವುದು. ಉಳಿದದ್ದನ್ನು ಅಲ್ಯೂಮಿನಿಯಂ ಬಟ್ಟಲಿಗೆ ಹೊಯ್ದು, "ಬಂದ್ವಿ ಕಣೋ ಪುಕ್ಲ" ಎನ್ನುವುದು. ಅದು ಮುಂಗಾಲು ಜೋಡಿಸಿ ಕೂತು, ಆಮೇಲೆ ಕುಡಿಯುವುದು. ಜಗಲಿಯಲ್ಲಿ ಹತ್ತು ದಿನ ಹೀಗೇ ಆಯಿತು. ಆಮೇಲೆ ಬಾವಿಕಟ್ಟೆಯ ಹತ್ತಿರ. ಆಮೇಲೆ ಬೀದಿಯ ಕೊನೆಯಲ್ಲಿ, ಬಯಲಿನಲ್ಲಿ, ಕಡೂರಿನ ಸಂತೆಯ ಅಂಚಿನಲ್ಲಿ. ನಾಯಿಗೆ ಸಾಕಾಯಿತು ಅನ್ನಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬರುತ್ತಿದ್ದರು, ಮಾರನೆಯ ದಿನ ಮತ್ತೆ ಒಂದು ಹೆಜ್ಜೆ ಮುಂದಕ್ಕೆ. ಜಾಗ ಮಾತ್ರ ಬದಲಾಗುತ್ತಿತ್ತು, ಮಾಡುವ ಕ್ರಮ ಎಳ್ಳಷ್ಟೂ ಬದಲಾಗುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ, ಮುಗಿಯುವ ತನಕ ಉತ್ತರ ಕೊಡುತ್ತಿರಲಿಲ್ಲ.

"ಏನಪ್ಪಾ ಪಂಚಾಕ್ಷರಪ್ಪ, ನಾಯಿಗೆ ಮಂಗಳಾರತಿ ಯಾವಾಗ?" ಎಂದು ಸಂತೆಯವರೆಲ್ಲ ನಗುತ್ತಿದ್ದರು. ನನಗಂತೂ ಹೊಟ್ಟೆ ಉರಿಯುತ್ತಿತ್ತು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳಿಗೆ ಒಂದು ಲೋಟ ನೀರು ಕೊಟ್ಟವರಲ್ಲ, ನಾಯಿಯ ಮುಂದೆ ಇಷ್ಟು ಉಪಚಾರ ಎಂದು ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದೆ.

ಎರಡು ತಿಂಗಳ ಮೇಲೆ ಅಜ್ಜಂಪುರದಲ್ಲಿ, ದನದ ಗದ್ದಲದ ಮಧ್ಯೆ, ಅದು ಗೋಣಿಯ ಮೇಲೆ ಕೂತು ಬಟ್ಟಲಿನ ನೀರನ್ನು ತಳ ಕಾಣುವ ತನಕ ಕುಡಿಯಿತು. ನಮ್ಮನೆಯವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಅಷ್ಟೆ. ಅಲ್ಲಿಂದ ಮುಂದೆ ಯಾವ ಊರಾದರೂ ಸರಿ, ಆ ಕ್ರಮವೊಂದು ಮುಗಿದರೆ ಪುಕ್ಲ ಸಂಜೆಯ ತನಕ ಕಾಲು ಚಾಚಿ ಮಲಗುತ್ತಿತ್ತು.

ಎಪ್ಪತ್ತೇಳರಲ್ಲಿ ಅವರು ಹೋಗಿಬಿಟ್ಟರು. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಇಟ್ಟುಕೊಂಡವರು ಎದೆ ಹಿಡಿದುಕೊಂಡು ಕೂತರು, ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ನಾನು ಜನರ ಮುಂದೆ ಅಳಲಿಲ್ಲ. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲೆದೆಯವಳು ಎಂದರು ಇನ್ನು ಕೆಲವರು. ಪುಕ್ಲ ಮಾತ್ರ ಹದಿನೈದು ದಿನ ಅವರ ಚಪ್ಪಲಿಯ ಪಕ್ಕದಿಂದ ಏಳಲಿಲ್ಲ.

ಮೂರು ತಿಂಗಳಾದ ಮೇಲೆ ನಾನೇ ವ್ಯಾಪಾರಕ್ಕೆ ಹೊರಟೆ. ಲಾರಿ ಬಂದು ನಿಂತಾಗ ನಾಯಿ ನನಗಿಂತ ಮೊದಲೇ ಹೋಗಿ ಅದರ ಹಿಂದೆ ನಿಂತಿತ್ತು. ಸಂತೆಯಲ್ಲಿ ಗೋಣಿ ಹಾಸಿದೆ, ಗಂಟೆ ಬಡಿದೆ, ಒಂದು ಗುಟುಕು ಕುಡಿದು ಬಟ್ಟಲಿಗೆ ನೀರು ಹೊಯ್ದೆ. ಪ್ರೀತಿಯಿಂದಲ್ಲ, ಬಾಯಾರಿ ಸತ್ತರೆ ಪಾಪ ಸುತ್ತಿಕೊಳ್ಳುತ್ತದೆ ಎಂದು. "ಬಂದ್ವಿ ಕಣೋ" ಎಂದೆ. ಬಂದವಳು ನಾನೊಬ್ಬಳೇ ಅಲ್ಲವೇ? ನಾಯಿ ನನ್ನನ್ನು ನೋಡಿತು, ನನ್ನ ಹಿಂದೆ ನೋಡಿತು, ಸ್ವಲ್ಪ ಹೊತ್ತು ಕಾದು ಕುಡಿಯಿತು. ನಾಲ್ಕಾರು ಸಂತೆ ಕಳೆಯುವಷ್ಟರಲ್ಲಿ ನನಗೂ ಅದೊಂದು ಅಭ್ಯಾಸವಾಯಿತು. ಯಾರಿಗೂ ಹೇಳದ ಮಾತು ಇದು: ಆ ಗಂಟೆ ಬಡಿಯುವ ಹೊತ್ತಿನಲ್ಲಿ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ ಅನ್ನಿಸುತ್ತಿತ್ತು. ಆ ನಾಯಿ ಆಗ ನನ್ನ ಜೀವವಾಯಿತು. ನನಗೆ ನಾಚಿಕೆಯಿಲ್ಲ ಹೇಳುವುದಕ್ಕೆ.

ಆದರೆ ವ್ಯಾಪಾರ ಕೈ ಹಿಡಿಯಲಿಲ್ಲ. ಸಂತೆಯವರಿಗೆ ಬೋಣಿ ಎಂದರೆ ದಿನದ ಮೊದಲ ವ್ಯಾಪಾರ, ಅದು ಹೇಗಾಗುತ್ತದೋ ದಿನ ಹಾಗೆ. ಹೊಸ ಎತ್ತು ಕಟ್ಟಿದವನು ಅದರ ಕೊರಳಿನ ಗಂಟೆಯನ್ನು ತಾಳಿಯಿಲ್ಲದ ಕೊರಳಿನವಳ ಕೈಯಿಂದ ಮೊದಲ ಬೋಣಿ ಮಾಡಿ ಕೊಳ್ಳುತ್ತಾನೆಯೇ? ನನ್ನ ಮುಂದೆ ಬಂದು, ನನ್ನ ಹಣೆ ನೋಡಿ, "ಆಮೇಲೆ ಬತ್ತೀನಿ ಕಣಮ್ಮ" ಎಂದು ಮುಂದಕ್ಕೆ ಹೋಗುತ್ತಿದ್ದರು. ಮಧ್ಯಾಹ್ನದ ತನಕ ನೊಣ ಹೊಡೆಯುತ್ತಾ ಕೂರುವುದೇ ಆಯಿತು. ತರೀಕೆರೆಯಲ್ಲಿ ನನ್ನ ಪಕ್ಕದ ಜಾಗ ಬೆಲ್ಲದ ಕರಿಯಣ್ಣನದು. ಅವನೊಬ್ಬ ಪುಣ್ಯಾತ್ಮ. ಬೆಳಿಗ್ಗೆ ಬಂದ ಕೂಡಲೇ "ಅಕ್ಕಾ, ಒಂದು ಮೊಳ ಹಗ್ಗ ಕೊಡು, ಪೆಟ್ಟಿಗೆ ಕಟ್ಟೋಕೆ" ಎಂದು ಬೇಕಿಲ್ಲದ ಹಗ್ಗ ಕೊಂಡು ಬೋಣಿ ಮಾಡಿಸುತ್ತಿದ್ದ. ಅವನ ಮನೆಯಲ್ಲಿ ಅಂಥ ಮೊಳದುದ್ದದ ಹಗ್ಗಗಳು ಒಂದು ಮೂಟೆಯಾದರೂ ಬಿದ್ದಿದ್ದಾವು.

ಎಪ್ಪತ್ತೆಂಟರ ಬೇಸಿಗೆ. ಆ ವಾರ ತರೀಕೆರೆಯ ಸಂತೆಯನ್ನು ಹಳೆಯ ಜಾಗದಿಂದ ಎಬ್ಬಿಸಿ ಬೇರೊಂದು ಬಯಲಿಗೆ ಹಾಕಿದ್ದರು. ನಮ್ಮ ಲಾರಿ ದಾರಿಯಲ್ಲಿ ಕೆಟ್ಟು ತಡವಾಗಿತ್ತು. ನನ್ನ ಜಾಗ ಎಲ್ಲಿ, ಕರಿಯಣ್ಣನ ಜಾಗ ಎಲ್ಲಿ ಎಂದು ಹುಡುಕಿ ಮೂಟೆ ಇಳಿಸುವಷ್ಟರಲ್ಲಿ ಸಾಕುಸಾಕಾಯಿತು. ಕರಿಯಣ್ಣ ಆಗಲೇ ಬೆಲ್ಲ ತೂಗುತ್ತಿದ್ದ. ಸುತ್ತ ಜನ ಮುತ್ತಿದ್ದರು, ನನ್ನ ಕಡೆ ತಿರುಗಲು ಅವನಿಗೆ ಪುರುಸೊತ್ತಿಲ್ಲ. ಪುಕ್ಲ ಹೊಸ ಜಾಗ ನೋಡಿ ನನ್ನ ಕಾಲಿಗೆ ಒತ್ತಿಕೊಂಡು ನಡುಗುತ್ತಿತ್ತು. ಗೋಣಿ ಹಾಸಿದೆ. ಗಂಟೆಯನ್ನು ಕೈಗೆ ತೆಗೆದುಕೊಂಡೆ.

"ಆ ಗಂಟೆ ಕೊಡಮ್ಮ ಇಲ್ಲಿ," ಎಂದ ಒಬ್ಬ.

ಬಿಳಿ ಅಂಗಿಯ ಮೇಲೆ ಟವಲು ಹಾಕಿದ್ದ ಗಟ್ಟಿಮುಟ್ಟಾದ ರೈತ. ಪಕ್ಕದಲ್ಲಿ ಆಗತಾನೇ ಕೊಂಡ ಹೋರಿ.

"ಇದು ಮಾರೋದಲ್ಲ ಕಣಪ್ಪ. ಬೇರೆ ಅವೆ ನೋಡು."

ಅವನು ಸರಕಿನ ಗಂಟೆಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡಿದ. "ಇವೆಲ್ಲ ಡಬ್ಬದ ಸದ್ದು. ಕೊಡಂಗಿದ್ರೆ ಅದನ್ನೇ ಕೊಡು, ಇಲ್ದಿದ್ರೆ ಬಿಡು," ಎಂದು ತಿರುಗಿ ಹೊರಟ.

ನನ್ನ ಹಣೆ ನೋಡಿಯೂ ಬಂದವನು. ನಮ್ಮನೆಯವರು ಹೋದ ಮೇಲೆ, ಕರಿಯಣ್ಣನನ್ನು ಬಿಟ್ಟರೆ, ತಾನಾಗಿ ನನ್ನ ಬಳಿ ಬೋಣಿಗೆ ಬಂದ ಮೊದಲ ಮನುಷ್ಯ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಸಂತೆಯವರ ರಕ್ತದಲ್ಲೇ ಇದೆ. ಕಳಿಸಿದರೆ ಆ ದಿನವಷ್ಟೇ ಅಲ್ಲ, ಆ ಜಾಗವೇ ಕೆಡುತ್ತದೆ ಎಂದು ನಂಬಿದವಳು ನಾನು, ಅದೂ ಹೊಸ ಜಾಗ. ಮೂವತ್ತು ಗಂಟೆಗಳಿವೆ, ನಾಯಿಗೆ ಯಾವ ಗಂಟೆಯಾದರೇನು ಎಂದುಕೊಂಡೆ.

"ಬಾರಪ್ಪ ಇಲ್ಲಿ," ಎಂದು ಕೂಗಿದೆ. ಕೊಟ್ಟುಬಿಟ್ಟೆ. ಅವನ ಜೊತೆಗಾರ ದೂರದಿಂದ "ಅಮೃತಾಪುರಕ್ಕೆ ನಡ್ಕೊಂಡೇ ಹೋಗ್ಬೇಕು, ಬೇಗ ಬಾರೋ" ಎಂದು ಕೂಗಿದ್ದು ಕಿವಿಗೆ ಬಿತ್ತು.

ಸರಕಿನಿಂದ ಬೇರೊಂದು ಗಂಟೆ ತೆಗೆದು ಎರಡು ಸಲ ಬಡಿದೆ. ನೀರು ಗುಟುಕರಿಸಿದೆ, ಬಟ್ಟಲಿಗೆ ಹೊಯ್ದೆ, ಬಂದ್ವಿ ಎಂದೆ. ಪುಕ್ಲ ಕಿವಿ ಎತ್ತಿ ಮತ್ತೆ ಇಳಿಬಿಟ್ಟಿತು. ಗಂಟೆ ಹೋದ ದಿಕ್ಕನ್ನು ನೋಡಿತು. ನನ್ನನ್ನು ನೋಡಿತು. ಗೋಣಿಯ ಮೇಲೆ ಕಾಲಿಡಲಿಲ್ಲ.

"ಕುಡಿಯೋ. ಎಲ್ಲಾ ಒಂದೇ."

ಕುಡಿಯಲಿಲ್ಲ.

"ಸಾಯಿ ಅತ್ಲಾಗೆ," ಎಂದೆ. ಹೌದು, ಹಾಗೇ ಅಂದೆ. ಅದು ಹಗ್ಗದ ಮೂಟೆಗಳ ಸಂದಿಗೆ ಹೋಗಿ ಸೇರಿಕೊಂಡಿತು. ಬೋಣಿಯಾದದ್ದೇ ಜನ ಬಂದರು, ವ್ಯಾಪಾರ ಜೋರಾಯಿತು, ನಾನು ಅದನ್ನು ಮರೆತೆ. ಖುಷಿಯಾಗಿದ್ದೆ ಎಂದು ಹೇಳುವುದಕ್ಕೆ ಇವತ್ತು ನನ್ನ ನಾಲಗೆ ಏಳುವುದಿಲ್ಲ.

ಕರಿಯಣ್ಣನ ಮಗಳು ಮಲ್ಲಿಕಾಂಬ, ಎಲ್ಲರ ಬಾಯಲ್ಲಿ ಮಲ್ಲಿ, ಏಳು ವರ್ಷದ್ದು, ಯಾವಾಗಲೂ ಪುಕ್ಲನಿಗೆ ಒಂದು ಚೂರು ಬೆಲ್ಲ ತಂದು ಗೋಣಿಯ ಮೇಲೆ ಇಡುತ್ತಿದ್ದಳು. ಅವತ್ತು ಗೋಣಿಯ ಮೇಲೆ ನಾಯಿ ಕಾಣಲಿಲ್ಲವೆಂದು ಮೂಟೆಗಳ ಸಂದಿಗೆ ಕೈ ಹಾಕಿದಳು. ಅದೇ ಹೊತ್ತಿಗೆ ಲಾಟರಿ ಜೀಪೊಂದು ಮೈಕಿನಲ್ಲಿ ಅರಚುತ್ತಾ ಪಕ್ಕದಲ್ಲೇ ಹಾಯಿತು. ಹುಡುಗಿ ಕಿರುಚಿಕೊಂಡಳು. ಓಡಿಹೋಗಿ ಎಳೆದುಕೊಂಡಾಗ ಅಂಗೈಯಲ್ಲಿ ಎರಡು ಹಲ್ಲಿನ ಗುರುತು, ರಕ್ತ. ಪುಕ್ಲ ಇನ್ನೂ ಒಳಕ್ಕೆ ಸರಿದು ಗೋಡೆಯಿಲ್ಲದ ಜಾಗದಲ್ಲಿ ಗೋಡೆ ಹುಡುಕುತ್ತಿತ್ತು.

"ಹುಚ್ಚು ನಾಯಿ!" ಎಂದು ಯಾರೋ ಕೂಗಿದರು. ಸಂತೆಯೇ ಕೂಡಿತು. ಕರಿಯಣ್ಣ ಅಡ್ಡ ನಿಲ್ಲದಿದ್ದರೆ ಅಲ್ಲೇ ಬಡಿದು ಹಾಕುತ್ತಿದ್ದರು.

ಡಾಕ್ಟರು ಗಾಯ ತೊಳೆದು ಹೇಳಿದ್ದು ಸರಿಯಾಗಿಯೇ ಇತ್ತು. ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ. ಉಂಡು, ಕುಡಿದು ಚೆನ್ನಾಗಿದ್ದರೆ ಮಗುವಿಗೆ ಏನೂ ಬೇಡ. ಅದಕ್ಕೆ ಹುಚ್ಚಿನ ಲಕ್ಷಣ ಕಂಡರೆ, ಸತ್ತರೆ, ತಪ್ಪಿಸಿಕೊಂಡರೆ, ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ದಿನಕ್ಕೊಂದು.

"ಅಕ್ಕಾ, ಕಡೂರಿಗೆ ಕರ್ಕೊಂಡು ಹೋಗ್ಬೇಡ. ನಮ್ಮ ಹಿತ್ಲಲ್ಲೇ ಇರ್ಲಿ, ನಮ್ಮ ಕಣ್ಮುಂದೆ," ಎಂದ ಕರಿಯಣ್ಣ. "ನೀನೂ ಇರು. ಉಳ್ಕೋಳೋಕೆ ಜಗಲಿ ಐತೆ."

ಅವನ ಮಾತು ತಪ್ಪೆನ್ನಲು ನನಗೆ ಬಾಯಿಯಿರಲಿಲ್ಲ. ಲಾರಿಯನ್ನು ಕಳಿಸಿಬಿಟ್ಟೆ. ನಾನೇ ಮಾರುವ ಹಗ್ಗದಿಂದ ಪುಕ್ಲನನ್ನು ಅವನ ಹಿತ್ತಲಿನ ನುಗ್ಗೆ ಮರಕ್ಕೆ ಕಟ್ಟಿದೆ. ಇನ್ನೊಂದು ಹೊಸ ಜಾಗ.

ಮೊದಲ ದಿನ ಅದು ಕುಡಿಯಲಿಲ್ಲ. ಎರಡನೆಯ ದಿನವೂ ಕುಡಿಯಲಿಲ್ಲ. ಗೋಣಿ ಹಾಸಿದೆ, ಮಂಡಿಯೂರಿ ಕೂತು ಅದರ ಮುಂದೆಯೇ ನೀರು ಕುಡಿದು ತೋರಿಸಿದೆ, ಬಂದ್ವಿ ಕಣೋ ಎಂದು ಗೋಗರೆದೆ. ಬೇರೆ ಯಾವ ಗಂಟೆ ಬಡಿದರೂ ಅದರ ಪಾಲಿಗೆ ಅದು ಗಂಟೆಯೇ ಅಲ್ಲ, ಆ ಹಳೆಯ ಗಂಟೆಗೇ ಕಾಯುತ್ತಿತ್ತು. ಬಟ್ಟಲನ್ನು ಹತ್ತಿರ ತಳ್ಳಿದರೆ ಮುಖ ತಿರುಗಿಸಿ ಹಿಂದೆ ಹಿಂದೆ ಸರಿಯುತ್ತಿತ್ತು. ತರೀಕೆರೆಯ ಆ ಸೆಕೆಗೆ ಬಾಯಿಯಲ್ಲಿ ನೊರೆ ಕಟ್ಟಿತು.

ಕರಿಯಣ್ಣನ ತಾಯಿ ದ್ಯಾವಮ್ಮ ಇದನ್ನೆಲ್ಲ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನೀರು ಕಂಡ್ರೆ ಹಿಂದಕ್ಕೋಗ್ತದೆ. ಬಾಯಲ್ಲಿ ನೊರೆ. ಇನ್ನೇನು ಬೇಕೇ ತಾಯಿ ನಿಂಗೆ? ನನ್ನ ಮೊಮ್ಮಗಳು ಬೊಗಳ್ಕೊಂಡು ಸಾಯೋದನ್ನ ನೋಡ್ಬೇಕಾ?"

"ಇದು ಹುಚ್ಚಲ್ಲ ದ್ಯಾವಮ್ಮ. ಹೆದ್ರ್ಕೊಂಡಿದೆ. ಇದಕ್ಕೊಂದು ಗಂಟೆ ಬಡೀಬೇಕು, ಆ ಗಂಟೆ ನಾನು ಮಾರ್ಬಿಟ್ಟೆ."

ನನ್ನ ಬಾಯಿಂದ ಹೊರಬಿದ್ದ ಮೇಲೆ ನನಗೇ ಗೊತ್ತಾಯಿತು, ಹುಚ್ಚು ಹಿಡಿದವಳ ಮಾತಿನಂತೆ ಕೇಳಿಸಿತೆಂದು. ದ್ಯಾವಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದಳು.

ಕರಿಯಣ್ಣನನ್ನು ಹಿಡಿದುಕೊಂಡೆ. "ನಾಳೆ ಮಧ್ಯಾಹ್ನದ ತನಕ ತಡ್ಕೋ ಕಣಪ್ಪ. ಕಾಲು ಹಿಡೀತೀನಿ."

"ತಡ್ಕೋತೀನಿ ಅಕ್ಕ. ಮಧ್ಯಾಹ್ನದ ತನಕ," ಎಂದ. ಅವನ ಕಣ್ಣು ಕೆಂಪಾಗಿತ್ತು. ಎರಡು ದಿನದಿಂದ ಅವನೂ ನಿದ್ದೆ ಮಾಡಿರಲಿಲ್ಲ.

ಮೂರನೆಯ ದಿನ ಮೊದಲ ಬಸ್ಸಿಗೆ ಅಮೃತಾಪುರಕ್ಕೆ ಹೋದೆ. ಗಂಟೆ ಕೊಂಡವನ ಹೆಸರೂ ಗೊತ್ತಿಲ್ಲ. ದನ ಮೇಯಲು ಹೊರಡುವ ಹೊತ್ತು. ಒಂದೊಂದು ಓಣಿಯ ತುದಿಯಲ್ಲೂ ನಿಂತು ಕಿವಿಗೊಟ್ಟೆ. ಊರಲ್ಲಿ ನೂರು ದನ, ನೂರು ಗಂಟೆ. ಕೊನೆಗೆ ಕೆರೆಯ ಕಡೆ ಹೋಗುವ ದಾರಿಯಲ್ಲಿ ಆ ಸದ್ದು ಕೇಳಿಸಿತು. ಅದರ ಹಿಂದೆ ಓಡಿದೆ. ಹೋರಿಯ ಹಗ್ಗ ಹಿಡಿದಿದ್ದವನು ಅವನೇ. ರೇವಣಪ್ಪ ಎಂದು ಹೆಸರು.

"ಆ ಗಂಟೆ ವಾಪಸ್ ಕೊಡಪ್ಪ," ಎಂದೆ, ಏದುಸಿರು ಬಿಡುತ್ತಾ.

"ಕೊರಳಿಗೆ ಕಟ್ಟಿ ಪೂಜೆ ಮಾಡಾಗಿದೆ. ಮಾರಿದ್ದನ್ನ ವಾಪಸ್ ಕೇಳ್ತಾರೇನಮ್ಮ ಯಾರಾದ್ರೂ?"

ಹೇಳಿದೆ. ನಾಯಿಯ ವಿಷಯ, ಮಗುವಿನ ವಿಷಯ, ನೀರಿನ ವಿಷಯ. ಹೇಳುತ್ತಾ ಹೇಳುತ್ತಾ "ಅದು ನಮ್ಮನೆಯವ್ರ ಗಂಟೆ" ಎಂದೆ. ದಾರಿಯ ಮಣ್ಣಿನಲ್ಲೇ ಕೂತುಬಿಟ್ಟೆ. ರೇವಣಪ್ಪ ತಲೆ ಕೆರೆದುಕೊಂಡ. ಆಮೇಲೆ ಹೋರಿಯ ಕೊರಳಿನ ಗಂಟು ಬಿಚ್ಚತೊಡಗಿದ.

"ಏಳಮ್ಮ, ಬಸ್ಸು ತಪ್ಪಿಹೋಗ್ತದೆ," ಎಂದ.

ಬಸ್ಸಿನಲ್ಲಿ ಗಂಟೆಯ ನಾಲಗೆಗೆ ಸೆರಗು ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಒಂದು ಸದ್ದೂ ವ್ಯರ್ಥವಾಗಬಾರದು, ಎಲ್ಲವೂ ಅದಕ್ಕೇ ಸಿಗಬೇಕು ಎಂದು. ತರೀಕೆರೆಯಲ್ಲಿ ಇಳಿದು ಓಡಿದೆ. ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಕರಿಯಣ್ಣನ ಬೀದಿಯ ತಿರುವಿಗೆ ಬಂದಾಗ ಸೆರಗು ಬಿಚ್ಚಿ ಗಂಟೆ ಬಡಿದೆ. ಎರಡು ಸಲ, ಸ್ಪಷ್ಟವಾಗಿ. ಹಿತ್ತಲು ಇನ್ನೂ ಐವತ್ತು ಮಾರು ದೂರವಿತ್ತು. ಮೂರು ದಿನದಿಂದ ಕಾದಿರುವ ಜೀವಕ್ಕೆ ಐವತ್ತು ಮಾರಿನಷ್ಟು ಮೊದಲೇ ಗೊತ್ತಾಗಲಿ ಎಂದು.

ನಾನು ಹೋದ ಮೇಲೆ ಅದು ಹಗ್ಗ ಕಡಿದುಕೊಂಡಿತ್ತು. ಹಿತ್ತಲಿನ ಸೌದೆ ಒಟ್ಟಿನ ಅಡಿಗೆ ನುಗ್ಗಿ ಕೂತಿತ್ತು. ಹಗ್ಗ ಕಡಿದ ನಾಯಿ, ಬಾಯಲ್ಲಿ ನೊರೆ. ಬೀದಿಯ ಗಂಡಸರೆಲ್ಲ ದೊಣ್ಣೆ ಹಿಡಿದು ಸುತ್ತ ನಿಂತಿದ್ದರು. ಕೋಲಿಗೆ ಎಟುಕದಷ್ಟು ಒಳಗೆ ಇತ್ತು ಅದು. ಸೌದೆ ಕಿತ್ತರೆ ಮೈಮೇಲೆ ಬಿದ್ದೀತೆಂದು ಯಾರಿಗೂ ಧೈರ್ಯವಿರಲಿಲ್ಲ. ನಾನು ಸುಮ್ಮನೆ ನಡೆದುಕೊಂಡು ಬಂದಿದ್ದರೆ ಅದು ಅಲ್ಲೇ ಇರುತ್ತಿತ್ತು, ಕ್ಷೇಮವಾಗಿ.

ಗಂಟೆ ಕೇಳಿದ ಕೂಡಲೇ ಹೊರಗೆ ಬಂತು. ನಾನು ಹಿತ್ತಲಿನ ಬೇಲಿಯ ಹತ್ತಿರ ಬಂದಾಗ ಅದು ಗಂಡಸರ ಕಾಲುಗಳ ನಡುವಿನಿಂದ ನುಸುಳಿ, ನಾನು ಬೆಳಿಗ್ಗೆ ಹಾಸಿ ಹೋಗಿದ್ದ ಗೋಣಿಯ ಕಡೆ ಓಡುತ್ತಿತ್ತು. ಅದರ ಮೇಲೆ ಮುಂಗಾಲು ಜೋಡಿಸಿ ಕೂತಿತು. ಬಟ್ಟಲನ್ನು ನೋಡಿತು, ಬೇಲಿಯ ಕಡೆ ನೋಡಿತು. ಬಾಲ ಅಲ್ಲಾಡಿತು. ಐದು ವರ್ಷದಲ್ಲಿ ಅದರ ಬಾಲ ಅಷ್ಟು ಚೆನ್ನಾಗಿ ಅಲ್ಲಾಡಿದ್ದನ್ನು ನಾನು ನೋಡಿರಲಿಲ್ಲ.

"ಬೇಡ ಕಣೋ!" ಎಂದು ಕೂಗಿದೆ. ಕರಿಯಣ್ಣನ ಒನಕೆ ಆಗಲೇ ಮೇಲೆದ್ದಿತ್ತು. ಒಂದೇ ಏಟು.

ಬಟ್ಟಲು ಮಗುಚಿ ನೀರು ಅದರ ಮೂತಿಯ ಕೆಳಗೆ ಹರಿಯಿತು. ನಾನು ಹೋಗಿ ತಲೆ ಎತ್ತಿ ಹಿಡಿದುಕೊಂಡೆ. ಕುಡಿಯುವುದಕ್ಕೆ ಜೀವ ಉಳಿದಿರಲಿಲ್ಲ.

"ಹುಡ್ಗಿ ಹಿಂದ್ಗಡೆ ನಿಂತಿದ್ಲು ಅಕ್ಕಾ," ಎಂದ ಕರಿಯಣ್ಣ. "ಅವಳ ಮೇಲೆ ಬಿತ್ತು ಅಂದ್ಕೊಂಡೆ. ಕೂತಿತ್ತಾ ಅದು? ಕೂತಿತ್ತಾ?"

ಎಂಥೆಂಥ ಬೈಗುಳ ನನ್ನ ಬಾಯಲ್ಲಿ ಸಲೀಸಾಗಿ ಬರುತ್ತವೆ. ಅವತ್ತು ಒಂದೂ ಬರಲಿಲ್ಲ. ಅವನು ತಂದೆ, ತಂದೆ ಮಾಡುವುದನ್ನು ಮಾಡಿದ. ನಾನು ಏನಾಗಿದ್ದೆ, ಏನು ಮಾಡಿದೆ?

ಊರಾಚೆ ಒಂದು ಹೊಲದ ಬದುವಿನಲ್ಲಿ ಹೂತೆವು. ಗಂಟೆಯನ್ನೂ ಜೊತೆಗೇ ಹಾಕಿ ಮಣ್ಣು ಎಳೆದೆ.

ನಾಯಿ ಸತ್ತಿತು ಎಂದ ಮೇಲೆ ಮಗುವಿಗೆ ಸೂಜಿ ತಪ್ಪಲಿಲ್ಲ. ಹುಚ್ಚಿರಲಿಲ್ಲ ಎಂದು ನನ್ನೊಬ್ಬಳಿಗೆ ಗೊತ್ತು, ಆದರೆ ನನ್ನ ಮಾತಿನ ಮೇಲೆ ಒಂದು ಮಗುವಿನ ಜೀವ ಇಡಿ ಎಂದು ಹೇಳುವ ಯೋಗ್ಯತೆ ನನಗೆಲ್ಲಿತ್ತು? ಮೊದಲ ದಿನ ಅವಳನ್ನು ಏನೋ ತೋರಿಸುತ್ತೇವೆ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದರು. ಮೇಜಿನ ಮೇಲೆ ನಾಲ್ಕು ಜನ ಹಿಡಿದುಕೊಂಡರು. ಅವಳ ಕೂಗು ಗೇಟಿನ ಹೊರಗೆ ಕೂತಿದ್ದ ನನಗೆ ಕೇಳಿಸಿತು. ಎರಡನೆಯ ದಿನ ಆಸ್ಪತ್ರೆಯ ಗೋಡೆ ಕಂಡ ಕೂಡಲೇ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಅಂಥ ನಡುಕ ನಾನು ಮೊದಲು ನೋಡಿದ್ದೆ.

"ನಾನು ಕರ್ಕೊಂಡು ಹೋಗ್ತೀನಿ," ಎಂದೆ. ದ್ಯಾವಮ್ಮ ಬೇಡವೆಂದಳು. ಕರಿಯಣ್ಣ ಹೂಂ ಎಂದ.

ಏನೂ ಆಗುವುದಿಲ್ಲ ಎಂದು ನಾನು ಮಲ್ಲಿಗೆ ಹೇಳಲಿಲ್ಲ. ನೋಯುತ್ತದೆ ಎಂದೆ. ಮೊದಲು ಹೊಂಗೆ ಮರದ ಕೆಳಗೆ ಕೂರ್ತೀವಿ. ಆಮೇಲೆ ಐದು ಮೆಟ್ಟಿಲು ಹತ್ತುತೀವಿ. ಆಮೇಲೆ ನೀನು ನನ್ನ ಹೆಬ್ಬೆರಳು ಹಿಡ್ಕೋತೀಯ. ಹತ್ತು ಎಣಿಸೋ ಹೊತ್ತು ನೋವು. ಆಮೇಲೆ ಬೆಲ್ಲ. ಪ್ರತಿದಿನ ಅದೇ ಮರ, ಅದೇ ಮೆಟ್ಟಿಲು, ಅದೇ ಬೆರಳು. ನಡುವೆ ನರ್ಸಮ್ಮ ಮಾತಾಡಿಸಿದರೂ ನಾನು ಉತ್ತರ ಕೊಡಲಿಲ್ಲ. ಐದನೆಯ ದಿನ ಹೊತ್ತಿಗೆ ನಾಲ್ಕು ಜನ ಬೇಕಾಗಲಿಲ್ಲ. ಎಂಟನೆಯ ದಿನ ಅವಳೇ ನನ್ನ ಮುಂದೆ ಮೆಟ್ಟಿಲು ಎಣಿಸುತ್ತಾ ಹತ್ತಿದಳು. ಡಾಕ್ಟರು ಬೆರಗಾಗಿ ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೊನೆಯ ಸೂಜಿಯ ದಿನ ಬೆಳಿಗ್ಗೆ ದ್ಯಾವಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಇವತ್ತು ಮುಗೀತದಲ್ಲ. ಹುಡುಗಿ ನಿನ್ನ ಹಚ್ಕೊಂಡವಳೆ. ಆಸ್ಪತ್ರೆಯಿಂದ ಬಂದು ಮಲಗ್ದಾಗ ಸದ್ದಿಲ್ದಂಗೆ ಹೊರಟ್ಬಿಡು. ಹೇಳಿದ್ರೆ ರಂಪ ಮಾಡ್ತಾಳೆ."

ಅದೇ ಸರಿ ಎಂದು ನನಗೂ ಅನ್ನಿಸಿತ್ತು. ಮಕ್ಕಳನ್ನು ಬಿಟ್ಟುಹೋಗುವಾಗ ಎಲ್ಲರೂ ಮಾಡುವುದು ಹಾಗೆಯೇ ತಾನೇ? ಪುಕ್ಲನನ್ನು ಹೂತ ಆ ಊರಿನ ಸಂತೆಗೆ ಇನ್ನು ಕಾಲಿಡುವುದಿಲ್ಲ ಎಂದು ನಾನು ತೀರ್ಮಾನ ಮಾಡಿಯಾಗಿತ್ತು. ನನ್ನ ಚೀಲ ಕಟ್ಟಿ ಜಗಲಿಯ ಮೂಲೆಯಲ್ಲಿ ಇಟ್ಟಿದ್ದೆ.

ಸೂಜಿ ಮುಗಿಸಿ ಹೊಂಗೆಯ ನೆರಳಿಗೆ ಬಂದು ಕೂತೆವು. ಮಲ್ಲಿ ಬೆಲ್ಲ ಚೀಪುತ್ತಾ ಕೇಳಿದಳು.

"ದೊಡ್ಡಮ್ಮ, ಪುಕ್ಲಂಗೂ ಹಿಂಗೇ ಹೇಳ್ತಿದ್ರಾ? ಮೊದ್ಲು ಇದು, ಆಮೇಲೆ ಅದು ಅಂತ?"

"ಹೂಂ ಕಣವ್ವ. ದಿನಾ ಹೇಳ್ತಿದ್ವಿ."

"ಮತ್ತೆ ನಂಗ್ಯಾಕೆ ಕಚ್ತು?"

ಸುತ್ತ ಜನ ಓಡಾಡುತ್ತಿದ್ದರು.

"ಅವತ್ತೊಂದು ದಿನ ನಾನು ಹೇಳ್ಲಿಲ್ಲ," ಎಂದೆ.

ಅವಳು ಬೆಲ್ಲ ಚೀಪುವುದನ್ನು ನಿಲ್ಲಿಸಿದಳು. ನನ್ನ ಹೆಬ್ಬೆರಳು ಇನ್ನೂ ಅವಳ ಕೈಯಲ್ಲೇ ಇತ್ತು. ನನ್ನ ಮುಖ ನೋಡದೆ ಕೇಳಿದಳು.

"ನಂಗೂ ಒಂದಿನ ಹೇಳ್ದೇ ಬಿಟ್ಬಿಡ್ತೀರಾ?"

ಗಂಡ ಸತ್ತಾಗ ಜನರ ಮುಂದೆ ಅಳದವಳು ಅಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದೆ.

"ಇಲ್ಲ. ಹೇಳ್ತೀನಿ ಕೇಳು. ಈಗ ಮನೆಗೆ ಹೋಗ್ತೀವಿ. ನೀನು ಊಟ ಮಾಡ್ತೀಯ. ಆಮೇಲೆ ನಾನು ಚೀಲ ತಗೊಂಡು ಕಡೂರು ಬಸ್ಸು ಹತ್ತುತೀನಿ. ಆಮೇಲೆ ಮತ್ತೆ ಬರಲ್ಲ."

ಹದಿನಾಲ್ಕು ಸೂಜಿಗೂ ಅಳದಷ್ಟು ಅತ್ತಳು. ಊಟ ಮಾಡಲಿಲ್ಲ. ನಾನು ಚೀಲ ಎತ್ತಿಕೊಂಡಾಗ ಕಂಬ ತಬ್ಬಿಕೊಂಡು ಕೂಗುತ್ತಿದ್ದಳು, ದ್ಯಾವಮ್ಮ ನನ್ನನ್ನು ಶಪಿಸುತ್ತಿದ್ದಳು, ಕರಿಯಣ್ಣ ತಲೆ ತಗ್ಗಿಸಿ ನಿಂತಿದ್ದ. ಬೀದಿಯ ತಿರುವಿನ ತನಕ ಆ ಅಳು ಹಿಂದೆಯೇ ಬಂತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ, ಮತ್ತೆ ಬರುತ್ತೇನೆ ಎಂದು ಆ ಮಗುವಿಗೆ ಸುಳ್ಳು ಹೇಳಿಬಿಡುತ್ತಿದ್ದೆ.